ಪುಸ್ತಕಕ್ಕೆ ವಯಸ್ಸಿನ ಮುದ್ರೆ ಬೇಕೆ?



ಕಳೆದ ಶ್ರಾವಣದಲ್ಲಿ ಧಾರವಾಡದ ಕಡೆಯ ಬಂಧುವೊಬ್ಬರು ದೂರವಾಣಿಯಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಗುರುಗಳೇ, ಮೊಮ್ಮಗನಿಗೆ ಏಳು ವರ್ಷ ತುಂಬಿತು. ಏಳು ವರ್ಷದವರಿಗೆ ತಕ್ಕ ಪುಸ್ತಕಗಳ ಹೆಸರು ಬರೆಸಿರಿ, ತರಿಸಿ ಕೊಡುತ್ತೇನೆ" ಎಂದರು. ಕೇಳಿದವರ ಮನಸ್ಸು ಶುದ್ಧವಾದುದು. ಮೊಮ್ಮಗನ ಕೈಗೆ ಆಟಿಕೆಯ ಬದಲು ಪುಸ್ತಕ ಕೊಡಬೇಕೆಂಬ ಅಜ್ಜಂದಿರು ಈ ಕಾಲದಲ್ಲಿ ವಿರಳ. ಆದರೂ ನಾವು ಕೂಡಲೇ ಉತ್ತರಿಸಲಾರದೆ ಹೋದೆವು. "ಹುಡುಗ ಏನು ಓದಬಲ್ಲ, ಮನೆಯಲ್ಲಿ ಅವನಿಗೆ ಯಾರು ಓದಿ ಹೇಳುತ್ತಾರೆ, ಅದನ್ನು ತಿಳಿಸಿರಿ" ಎಂದೆವು. ಅವರಿಗೆ ಆಶ್ಚರ್ಯವಾಯಿತು. "ಅಂಗಿಗೆ ಅಳತೆ ಇರುವಂತೆ ಪುಸ್ತಕಕ್ಕೂ ಈಗ ವಯಸ್ಸು ಹಾಕಿರುತ್ತಾರಲ್ಲ! ಅದನ್ನು ನೋಡಿ ಕೊಂಡರೆ ಆಗದೆ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಈ ಬರಹ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಇದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸಲ್ಲದು.

ನಾವು ಹುಟ್ಟಿದ್ದು ಬಯಲುಸೀಮೆಯಲ್ಲಿ, ವಿದ್ಯೆ ಕಲಿತದ್ದು ಮಠದ ಪಾಠಶಾಲೆಯಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿ ನಿವೃತ್ತರಾದ ಮೇಲೆ, ಮಗನ ಉದ್ಯೋಗದ ನಿಮಿತ್ತ ಉಡುಪಿ ಜಿಲ್ಲೆಯ ಶಂಕರಪುರಕ್ಕೆ ಬಂದು ನೆಲೆಸಿದ್ದೇವೆ. ಮಗ ದಿನವೂ ಮಣಿಪಾಲಕ್ಕೆ ಹೋಗಿ ಬರುತ್ತಾನೆ. ಶಂಕರಪುರವೆಂದರೆ ಮಲ್ಲಿಗೆಯ ಊರು. ಇಲ್ಲಿ ಬಹುಪಾಲು ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ನಸುಕಿನಲ್ಲಿಯೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಲೆಕ್ಕ ಹಾಕಿ ಕಟ್ಟೆಗೆ ಒಯ್ಯುತ್ತಾರೆ. ಮನೆಯ ಮಾತು ಕೆಲವರದು ತುಳು, ಕೆಲವರದು ಕೊಂಕಣಿ. ನಮ್ಮ ಸಮಾಜದ ಮನೆಗಳು ಸುತ್ತಮುತ್ತ ಬಹಳವಿಲ್ಲ. ಆದರೆ ನೆರೆಹೊರೆಯವರ ಸ್ನೇಹಕ್ಕೆ ಕೊರತೆಯಿಲ್ಲ.

ನಮ್ಮ ಮೊಮ್ಮಗಳು ಒಂದನೆಯ ತರಗತಿಗೆ ಸೇರಬೇಕಾಗಿದ್ದುದು 2020ರಲ್ಲಿ. ಆ ವರ್ಷ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮರಳಿ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಕ್ಷರ ತಿದ್ದಬೇಕಾದ ವಯಸ್ಸಿನಲ್ಲಿ ಆ ಮಗು ಫೋನಿನ ಪರದೆಯನ್ನು ನೋಡುತ್ತ ಕುಳಿತಿತ್ತು. ಮೂರನೆಯ ತರಗತಿಗೆ ಬಂದರೂ ಕಾಗುಣಿತದಲ್ಲಿ ತಡವರಿಸುತ್ತಿತ್ತು, ಒತ್ತಕ್ಷರ ಬಂದೊಡನೆ ನಿಂತುಬಿಡುತ್ತಿತ್ತು. ಇದನ್ನು ನಾವು ಗಮನಿಸಬೇಕಾಗಿತ್ತು. ನೂರಾರು ಮಕ್ಕಳಿಗೆ ಪಾಠ ಹೇಳಿದವರಾದರೂ ಮನೆಯ ಮಗುವಿನ ವಿಷಯದಲ್ಲಿ ನಾವು ಕುರುಡರಾಗಿದ್ದೆವು.

ಅವಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ನಾವು ಒಂದು ಪುಸ್ತಕ ತಂದುಕೊಟ್ಟೆವು. ಬೆನ್ನಿನ ಮೇಲೆ 'ಒಂಬತ್ತು ವರ್ಷ ಮೇಲ್ಪಟ್ಟವರಿಗೆ' ಎಂದು ಅಚ್ಚಾಗಿತ್ತು. ಅದನ್ನು ನೋಡಿಯೇ ಆರಿಸಿದ್ದೆವು, ಒಳಗಿನ ಒಂದು ಪುಟವನ್ನೂ ತೆರೆದಿರಲಿಲ್ಲ. ಮಗು ಸಂತೋಷದಿಂದ ತೆಗೆದುಕೊಂಡಿತು, ಎರಡು ದಿನ ತೆರೆದು ನೋಡಿತು, ಆಮೇಲೆ ಅದು ಕಪಾಟು ಸೇರಿತು. ಕೆಲವು ವಾರಗಳ ನಂತರ ಅವಳು ಜಗಲಿಯಲ್ಲಿ ಕುಳಿತು ತಮ್ಮನ ಚಿತ್ರಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದಳು. ಅದರ ಮುಖಪುಟದಲ್ಲಿ '4–6 ವರ್ಷ' ಎಂದಿತ್ತು. ನಾವು ನಗುತ್ತಲೇ, "ಏನವ್ವಾ, ತಮ್ಮನ ಪುಸ್ತಕ ಓದುತ್ತೀಯಾ? ನೀನು ಈಗ ಒಂಬತ್ತು ವರ್ಷದ ದೊಡ್ಡ ಹುಡುಗಿ!" ಎಂದೆವು. ಅವಳು ಏನೂ ಹೇಳಲಿಲ್ಲ. ಪುಸ್ತಕವನ್ನು ಮಡಚಿಟ್ಟು ಒಳಗೆ ಹೋದಳು.

ಅಂದಿನಿಂದ ಅವಳ ಕೈಯಲ್ಲಿ ಪುಸ್ತಕ ಕಾಣಿಸಲಿಲ್ಲ. ಸುಮಾರು ಎರಡು ತಿಂಗಳ ಬಳಿಕ ಹಾಸಿಗೆಯನ್ನು ಬಿಸಿಲಿಗೆ ಹಾಕುವಾಗ ಸೊಸೆ ನಮ್ಮನ್ನು ಕರೆದಳು. "ಮಾವನವರೇ, ಇಲ್ಲಿ ನೋಡಿ" ಎಂದಳು. ಹಾಸಿಗೆಯ ಕೆಳಗೆ ಏಳೆಂಟು ಪುಸ್ತಕಗಳಿದ್ದವು. ಎಲ್ಲವೂ ತಮ್ಮನವು. ಪ್ರತಿಯೊಂದರ ಮೇಲೆ ವಯಸ್ಸಿನ ಅಂಕಿ ಇದ್ದ ಕಡೆ ಹಳೆಯ ದಿನಪತ್ರಿಕೆಯ ಚೂರನ್ನು ಅನ್ನದ ಅಗುಳಿನಿಂದ ಅಂಟಿಸಲಾಗಿತ್ತು. ಸಂಜೆ ಶಾಲೆಯಿಂದ ಬಂದವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆವು. ಬಹಳ ಹೊತ್ತಿನ ಮೇಲೆ, "ನಂಬರು ಕಾಣದಿದ್ದರೆ ನೀವು ನಗುವುದಿಲ್ಲ ಅಲ್ವಾ ಅಜ್ಜಾ?" ಎಂದಳು.

ಬಂಧುಗಳೇ, ನಾವು ಅನೇಕ ಸಭೆಗಳಲ್ಲಿ ವಿದ್ಯಾದಾನದ ಮಹಿಮೆಯನ್ನು ಕುರಿತು ಮಾತನಾಡಿದವರು. ಆದರೆ ಆ ಸಂಜೆ ಒಂಬತ್ತು ವರ್ಷದ ಮಗುವಿನ ಮುಂದೆ ನಮಗೆ ಮಾತು ಹೊರಡಲಿಲ್ಲ. ಓದಬೇಕೆಂಬ ಹಸಿವು ಆ ಮಗುವಿಗೆ ಇತ್ತು. ಹಸಿವನ್ನು ಕದ್ದು ತೀರಿಸಿಕೊಳ್ಳುವಂತೆ ಮಾಡಿದವರು ನಾವು. ನಮ್ಮ ಕೈಗೆ ಅದಕ್ಕೆ ಆಯುಧವಾಗಿ ಒದಗಿದ್ದು ಪುಸ್ತಕದ ಮೇಲಿನ ಆ ಎರಡು ಅಂಕಿಗಳು.

ಈ ವಿಚಾರ ನಮ್ಮ ದೇಶದಲ್ಲಷ್ಟೇ ಹುಟ್ಟಿದ್ದಲ್ಲ. 2008ರಲ್ಲಿ ಇಂಗ್ಲೆಂಡಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಮೇಲೆ ಐದು, ಏಳು, ಒಂಬತ್ತು, ಹನ್ನೊಂದು ಎಂಬಂತೆ ವಯಸ್ಸಿನ ಗುರುತು ಮುದ್ರಿಸಲು ಮುಂದಾದಾಗ, ಫಿಲಿಪ್ ಪುಲ್‌ಮನ್ ಎಂಬ ಪ್ರಸಿದ್ಧ ಲೇಖಕರ ಮುಂದಾಳತನದಲ್ಲಿ ನೂರಾರು ಲೇಖಕರು ಅದನ್ನು ಬಲವಾಗಿ ವಿರೋಧಿಸಿದರು. ಕೊಳ್ಳುವ ಹಿರಿಯರಿಗೆ ದಾರಿ ತೋರಬೇಕು ಎಂಬುದು ಪ್ರಕಾಶಕರ ವಾದ. ಮಕ್ಕಳೆಲ್ಲ ಒಂದೇ ಅಚ್ಚಿನವರಲ್ಲ, ಹಿಂದುಳಿದ ಮಗು ನಾಚಿಕೊಳ್ಳುತ್ತದೆ, ಮುಂದೆ ಹೋದ ಮಗು ಬಾಗಿಲಲ್ಲಿ ತಡೆಯಲ್ಪಡುತ್ತದೆ ಎಂಬುದು ಲೇಖಕರ ವಾದ. ಅವರ ವಾದವನ್ನು ನಾವು ಓದಿ ತಿಳಿದುದು ಬಹಳ ತಡವಾಗಿ. ಅದರ ಸತ್ಯವನ್ನು ಅದಕ್ಕೂ ಮೊದಲೇ ಹಾಸಿಗೆಯ ಕೆಳಗಿನ ಪುಸ್ತಕಗಳು ನಮಗೆ ತೋರಿಸಿದ್ದವು.

ಆದರೆ ಒಂದೇ ಮಗ್ಗುಲನ್ನು ನೋಡಿ ತೀರ್ಪು ಕೊಡಬಾರದು. ನಮ್ಮ ನೆರೆಮನೆಯ ತಾಯಿ ಮಲ್ಲಿಗೆ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ಬಡತನದಿಂದ ಅವರ ಓದು ನಾಲ್ಕನೆಯ ತರಗತಿಗೇ ನಿಂತಿತ್ತು. ಈ ಸಂಗತಿಯನ್ನೆಲ್ಲ ಅವರಿಗೆ ಹೇಳಿ, ಅಂಕಿ ಹಾಕುವುದೇ ತಪ್ಪು ಎಂದು ನಾವು ಸ್ವಲ್ಪ ಆವೇಶದಿಂದಲೇ ನುಡಿದೆವು. ಅವರು ನಾರು ಸೀಳುತ್ತಲೇ ಹೇಳಿದರು: "ನಿಮಗೆ ಹಾಗೆ ಹೇಳಬಹುದು ಮಾಷ್ಟ್ರೇ. ಮೊಗ್ಗು ನೋಡಿದರೆ ನನಗೆ ಗೊತ್ತಾಗ್ತದೆ, ಇವತ್ತು ಕೊಯ್ಯಬೇಕಾ ನಾಳೆಗಾ ಅಂತ. ಪುಸ್ತಕ ನೋಡಿದರೆ ಎಂತ ಗೊತ್ತಾಗ್ತದೆ? ಉಡುಪಿಯ ಅಂಗಡಿಯಲ್ಲಿ ಹೋಗಿ ನಿಂತರೆ ಕೇಳಲಿಕ್ಕೂ ನಾಚಿಕೆ. ನಂಬರು ಇದ್ದರೆ ನಮ್ಮಂಥವರಿಗೆ ಅದೊಂದು ಧೈರ್ಯ."

ಈ ಮಾತು ನಮ್ಮನ್ನು ತಿದ್ದಿತು. ಓದು ಬಲ್ಲ ಮನೆಗಳಲ್ಲಿ ಹುಟ್ಟಿದವರಿಗೆ ಅಂಕಿ ಬೇಡವಾಗಬಹುದು. ಮೊದಲ ತಲೆಮಾರಿನ ಓದುಗರನ್ನು ಬೆಳೆಸುತ್ತಿರುವ ತಾಯಂದಿರಿಗೆ ಒಂದು ಊರುಗೋಲು ಬೇಕು. ಆದ್ದರಿಂದ ಪ್ರಶ್ನೆ ಇರುವುದು ಗುರುತು ಬೇಕೋ ಬೇಡವೋ ಎಂಬುದರಲ್ಲಲ್ಲ, ಗುರುತು ಯಾವುದನ್ನು ಅಳೆಯಬೇಕು ಎಂಬುದರಲ್ಲಿ.

ನಮ್ಮ ಬಾಲ್ಯದಲ್ಲಿ ಉತ್ತರ ಕರ್ನಾಟಕದ ಕಡೆ ತರಗತಿಯನ್ನು 'ಇಯತ್ತೆ' ಎನ್ನುತ್ತಿದ್ದರು. ಹಿರಿಯರು ತಮ್ಮ ಓದನ್ನು ಹೇಳುವಾಗ "ನಾಲ್ಕನೇ ಪುಸ್ತಕ ಆಗಿದೆ" ಎನ್ನುತ್ತಿದ್ದರು. ಅಲ್ಲಿ ಅಂಕಿ ಪುಸ್ತಕದ್ದಾಗಿತ್ತು, ಮಗುವಿನ ವಯಸ್ಸಿನದಲ್ಲ. ನಾಲ್ಕನೆಯ ಪುಸ್ತಕವನ್ನು ಒಂಬತ್ತು ವರ್ಷದವನೂ ಓದುತ್ತಿದ್ದ, ಹೊಲದ ಕೆಲಸದಿಂದ ತಡವಾಗಿ ಶಾಲೆಗೆ ಬಂದ ಹದಿನಾಲ್ಕು ವರ್ಷದವನೂ ಓದುತ್ತಿದ್ದ.

ಮಠದ ಪಾಠಶಾಲೆಯಲ್ಲಂತೂ ವಯಸ್ಸನ್ನು ಕೇಳುವವರೇ ಇರಲಿಲ್ಲ. ಅಮರಕೋಶವನ್ನು ನಾವು ಎಂಟನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದೆವು. ಅರ್ಥವಾದದ್ದು ಬೋಧಿಸಲು ನಿಂತಾಗ. ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಗುರುಗಳು ಪುಸ್ತಕ ಕೇಳಿದ ಹುಡುಗನ ಕೈಗೆ ಅದನ್ನೇ ಕೊಟ್ಟು, ನಡುವಿನ ಒಂದು ಪುಟವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾಲ್ಕೈದು ಕಡೆಗಿಂತ ಹೆಚ್ಚು ತಡವರಿಸಿದರೆ, "ಇದು ನಿನಗಾಗಿ ಇಲ್ಲೇ ಕಾಯುತ್ತದೆ, ಮುಂದಿನ ಯುಗಾದಿಗೆ ಬಾ" ಎನ್ನುತ್ತಿದ್ದರು. 'ನಿನಗೆ ಬಾರದು' ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಪುಸ್ತಕ ನಮಗಾಗಿ ಕಾಯುತ್ತಿದೆ ಎಂಬ ಭಾವನೆಯಿಂದಲೇ ನಾವು ಓದಿ ಮುಂದೆ ಬಂದೆವು.

ಒಮ್ಮೆ ನಾವು ಅವರ ಕಣ್ಣು ತಪ್ಪಿಸಿದ್ದೂ ಉಂಟು. ಹನ್ನೊಂದನೆಯ ವಯಸ್ಸಿನಲ್ಲಿ ಹೊರಗಿನಿಂದ ಯಾರೋ ತಂದಿಟ್ಟಿದ್ದ ಒಂದು ಪತ್ತೇದಾರಿ ಕಾದಂಬರಿಯನ್ನು ಕದ್ದು ಓದಿದೆವು. ಓದಲು ಕಷ್ಟವಾಗಲಿಲ್ಲ. ಆದರೆ ಅದರಲ್ಲಿನ ಕೊಲೆಯ ವರ್ಣನೆಯಿಂದ ಮೂರು ರಾತ್ರಿ ನಿದ್ರೆ ಬರಲಿಲ್ಲ. ಗುರುಗಳಿಗೆ ವಿಷಯ ತಿಳಿಯಿತು. ಬೈಯಲಿಲ್ಲ. ರಾತ್ರಿ ನಮ್ಮ ಚಾಪೆಯ ಪಕ್ಕದಲ್ಲಿ ಕುಳಿತು, "ಏನು ಓದಿದೆ, ಹೇಳು" ಎಂದು ಪೂರ್ತಿ ಕಥೆಯನ್ನು ನಮ್ಮಿಂದ ಹೇಳಿಸಿದರು. ಹೇಳುತ್ತ ಹೇಳುತ್ತ ಭಯ ಕರಗಿತು. ಅಕ್ಷರ ಓದಬಲ್ಲ ಶಕ್ತಿ ಬೇರೆ, ಓದಿದ್ದನ್ನು ತಾಳಿಕೊಳ್ಳಬಲ್ಲ ಶಕ್ತಿ ಬೇರೆ ಎಂಬುದು ನಮಗೆ ಅಂದೇ ತಿಳಿಯಿತು. ವಯಸ್ಸಿನ ಒಂದೇ ಅಂಕಿ ಈ ಎರಡನ್ನೂ ಅಳೆಯಲಾರದು.

ಸಿನಿಮಾಕ್ಕೆ ವಯಸ್ಸಿನ ಗುರುತು ಇದೆಯಲ್ಲ, ಪುಸ್ತಕಕ್ಕೇಕೆ ಬೇಡ ಎಂದು ಕೆಲವರು ಕೇಳಬಹುದು. 2024ರಿಂದ ನಮ್ಮ ದೇಶದಲ್ಲಿ ಹಿರಿಯರ ಮಾರ್ಗದರ್ಶನ ಬೇಕಾದ ಚಿತ್ರಗಳನ್ನು ಏಳು, ಹದಿಮೂರು, ಹದಿನಾರು ವರ್ಷಗಳೆಂದು ವಿಂಗಡಿಸುವ ಕ್ರಮ ಬಂದಿದೆ. ಅದು ಯೋಗ್ಯವೇ ಆಗಿದೆ. ಚಿತ್ರಮಂದಿರದ ಕತ್ತಲಲ್ಲಿ ಕುಳಿತ ಮಗು ಪರದೆಯ ಮೇಲಿನದನ್ನು ನಿಲ್ಲಿಸಲಾರದು. ಪುಸ್ತಕವನ್ನಾದರೆ ಹೆದರಿದ ಕಡೆ ಮುಚ್ಚಬಹುದು. ಕಥೆಯಲ್ಲಿನ ಹುಲಿ ಮಗುವಿನ ಮನಸ್ಸು ಬಿಡಿಸಿದಷ್ಟೇ ದೊಡ್ಡದು. ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳಿರಿ. ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ಇದನ್ನು ಯಾವ ವಯಸ್ಸಿನವರಿಗೆ ಎಂದು ಮುದ್ರಿಸುವುದು? ಮೂರು ವರ್ಷದ ಕೂಸು ತಾಯಿಯ ತೊಡೆಯ ಮೇಲೆ ಕೇಳುತ್ತದೆ, ಎಪ್ಪತ್ತರ ಅಜ್ಜಿ ಹಾಡುತ್ತಲೇ ಕಣ್ಣೊರಸಿಕೊಳ್ಳುತ್ತಾಳೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ಹಾವು ಕಚ್ಚಿ ಸಾಯುವ ಪ್ರಸಂಗವನ್ನು ನಾವು ಪುರಾಣದ ಕಟ್ಟೆಯ ಮುಂದೆ ಅವನ ವಯಸ್ಸಿನವರಾಗಿದ್ದಾಗಲೇ ಕೇಳಿದೆವು. ಪಕ್ಕದಲ್ಲಿ ತಂದೆ ಇದ್ದರು, ಅವರ ಶಲ್ಯದ ಅಂಚು ನಮ್ಮ ಮುಷ್ಟಿಯಲ್ಲಿತ್ತು. ಅಷ್ಟು ಆಸರೆ ನಮಗೆ ಸಾಕಾಯಿತು. ಈ ಕರಾವಳಿಯಲ್ಲಿ ಇಂದಿಗೂ ಯಕ್ಷಗಾನದ ರಂಗಸ್ಥಳದ ಮುಂದೆ ರಾಕ್ಷಸ ವೇಷದ ಅಬ್ಬರಕ್ಕೆ ಬೆಚ್ಚಿ, ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ, ಮತ್ತೆ ಇಣುಕಿ ನೋಡುವ ಮಕ್ಕಳನ್ನು ಕಾಣುತ್ತೇವೆ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತಿದೆ. ಹುಬ್ಬಳ್ಳಿಯ ಎಂಟು ವರ್ಷದ ಹುಡುಗ ಮನೆಯಲ್ಲೂ ಬೀದಿಯಲ್ಲೂ ಕನ್ನಡವನ್ನೇ ಕೇಳಿ ಬೆಳೆದಿರುತ್ತಾನೆ. ಶಂಕರಪುರದ ಎಂಟು ವರ್ಷದ ಹುಡುಗಿಗೆ ಮನೆಯ ಮಾತು ತುಳು ಅಥವಾ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಕಾಸರಗೋಡಿನ ಮಗುವಿನ ಸುತ್ತ ಮಲಯಾಳವಿದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಕನ್ನಡ ವಾರದಲ್ಲಿ ಕೆಲವೇ ಗಂಟೆಗಳ ಪಾಠ. ನಮ್ಮ ಬಂಧುಗಳಲ್ಲಿ ಮುಂಬಯಿಯಲ್ಲಿ ನೆಲೆಸಿದವರ ಹದಿಮೂರು ವರ್ಷದ ಮಗನೊಬ್ಬ ರಜೆಯಲ್ಲಿ ಬಂದಾಗ ಕನ್ನಡ ಓದಲು ಕಲಿಯಬೇಕೆಂದು ಉತ್ಸಾಹ ತೋರಿದ. ಅವನ ಓದಿಗೆ ಎಟುಕುವ ಪುಸ್ತಕದ ಮೇಲೆ ಐದು ವರ್ಷ ಎಂದಿತ್ತು. ಅವನು ಅದನ್ನು ಮುಟ್ಟಲಿಲ್ಲ. ಇವರೆಲ್ಲರಿಗೂ 'ಎಂಟು ವರ್ಷ' ಎಂಬ ಒಂದೇ ಅಂಕಿಯಿಂದ ಪುಸ್ತಕ ಹಂಚುವುದು ಹೇಗೆ? ಒಂದನೆಯ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೆಂದು ಸರಕಾರ 2022ರಲ್ಲಿ ಹೊರಡಿಸಿದ ಆದೇಶವೂ ಪಾಲಕರ ಒತ್ತಾಯದಿಂದ 2025ರಲ್ಲಿ ಆ ವರ್ಷದ ಮಟ್ಟಿಗೆ ಸಡಿಲಗೊಂಡಿತು. ಶಾಲೆಗೆ ಒಂದು ಗಡಿ ಅನಿವಾರ್ಯ. ಓದಿನ ಸಂತೋಷಕ್ಕೂ ಅಂಥ ಗಡಿ ಬೇಕೆ?

ನಮ್ಮ ನಾಡಿನಲ್ಲಿಯೇ ಇದಕ್ಕೆ ಬೇರೆ ದಾರಿ ಹುಡುಕಿದವರಿದ್ದಾರೆ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಮಕ್ಕಳ ಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಓದಲು ಈಗಷ್ಟೇ ತೊಡಗಿದ ಮಗು, ಪರಿಚಿತ ಪದಗಳನ್ನು ಗುರುತಿಸುವ ಮಗು, ತಾನೇ ಓದಬಲ್ಲ ಮಗು, ನಿರರ್ಗಳವಾಗಿ ಓದುವ ಮಗು ಎಂಬುದು ಅಲ್ಲಿಯ ಕ್ರಮ. ಇದು ವಯಸ್ಸಿಗಿಂತ ಎಷ್ಟೋ ಮೇಲು. ಆದರೂ ಹಿರಿಯರು ನಗುವುದಾದರೆ ಹಂತದ ಅಂಕಿಯನ್ನು ಹಿಡಿದೂ ನಗಬಹುದು.

ಶರಣರ ಮಾರ್ಗದಲ್ಲಿ ಹುಟ್ಟಿದ ನಮಗೆ ಈ ವಿವೇಕ ಹೊಸದಾಗಿರಬಾರದು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಸ್ಥಲಗಳನ್ನು ಹೇಳಿದವರು ಯಾವ ಸ್ಥಲಕ್ಕೂ ಇಷ್ಟು ವರ್ಷವೆಂದು ಗೊತ್ತುಮಾಡಲಿಲ್ಲ. ಚೆನ್ನಬಸವಣ್ಣನವರನ್ನು ವಯಸ್ಸಿನಲ್ಲಿ ಕಿರಿಯರಾದರೂ ಜ್ಞಾನದಲ್ಲಿ ಹಿರಿಯರೆಂದು ಅನುಭವಮಂಟಪದ ಶರಣರು ಗೌರವಿಸಿದರೆಂಬುದು ನಮ್ಮ ಪರಂಪರೆಯ ನಂಬಿಕೆ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವಾಗ, ಅರ್ಥವಾಗುವ ವಯಸ್ಸು ಬರಲೆಂದು ನಮ್ಮ ಹಿರಿಯರು ಕಾಯಲಿಲ್ಲ. ಮೊದಲು ಸಂಗ, ಅರಿವು ಆಮೇಲೆ ಎಂದು ನಂಬಿದರು. ಪುಸ್ತಕಕ್ಕೂ ಮಗುವಿಗೂ ಇರಬೇಕಾದ ಸಂಬಂಧ ಇಂಥದೇ ಎಂದು ನಮಗೆ ತೋರುತ್ತದೆ.

ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಗುವಿನ ಕಣ್ಣಿಗೆ ಬೀಳುವ ಮುಖಪುಟದ ಮೇಲೆ ವಯಸ್ಸಿನ ಅಂಕಿ ಬೇಡ. ಬೆನ್ನುಪುಟದಲ್ಲಿ ಹಿರಿಯರಿಗಾಗಿ ನಾಲ್ಕು ಸರಳ ಸಾಲುಗಳಿರಲಿ. ಒತ್ತಕ್ಷರಗಳು ಎಷ್ಟಿವೆ, ಪುಟಕ್ಕೆ ಎಷ್ಟು ಸಾಲು, ಮಗು ತಾನೇ ಓದುವಂಥದೋ ಹಿರಿಯರು ಓದಿ ಹೇಳುವಂಥದೋ, ಕಥೆಯಲ್ಲಿ ಸಾವು ಅಥವಾ ಭಯದ ಪ್ರಸಂಗ ಇದೆಯೋ ಎಂಬುದನ್ನು ತಿಳಿಸಲಿ. ನೆರೆಮನೆಯ ತಾಯಿಗೆ ಬೇಕಾದ ಧೈರ್ಯ ಇದರಿಂದ ದೊರೆಯುತ್ತದೆ, ನಮ್ಮ ಮೊಮ್ಮಗಳಿಗಾದ ಅವಮಾನವೂ ತಪ್ಪುತ್ತದೆ. ಅಂಗಡಿಯವರು ಕೊಳ್ಳುವ ಮೊದಲು ಒಂದು ಪುಟ ಓದಿ ನೋಡಲು ಮಕ್ಕಳಿಗೆ ಅವಕಾಶ ಕೊಡಲಿ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದವರಿಗೆ ಉಚಿತ ಸದಸ್ಯತ್ವ ಕಲ್ಪಿಸಲಾಯಿತು. ಆರರವರೂ ಹದಿನೆಂಟರವರೂ ಒಂದೇ ಕಪಾಟಿನ ಮುಂದೆ ನಿಲ್ಲುವುದು ಎಷ್ಟು ಚೆಂದ! ನಿಮ್ಮ ಊರಿನ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ.

ಪ್ರಕಾಶಕರು ಏನೇ ಮುದ್ರಿಸಲಿ, ಬಿಡಲಿ, ಮುಖ್ಯ ಹೊಣೆ ಮನೆಯದು. ಮಗು ಯಾವ ಪುಸ್ತಕ ಹಿಡಿದರೂ ನಗಬೇಡಿರಿ. "ನಮಗೂ ಓದಿ ಹೇಳು" ಎನ್ನಿರಿ. ರಾತ್ರಿ ಪ್ರಸಾದವಾದ ಮೇಲೆ ಕಾಲು ಗಂಟೆ ದೂರದರ್ಶನವನ್ನೂ ಫೋನನ್ನೂ ಬದಿಗಿಟ್ಟು, ಮನೆಯವರೆಲ್ಲ ಕೇಳುವಂತೆ ಒಬ್ಬರು ಓದಿರಿ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಮಕ್ಕಳಿಗಾಗಿಯೇ ರಚಿಸಿದರು. ನಮ್ಮ ಪಾಠಶಾಲೆಯಲ್ಲಿ ಅದಕ್ಕಾಗಿ ಹುಡುಗರಿಗಿಂತ ಮೊದಲು ಉಪಾಧ್ಯಾಯರೇ ಕೈಚಾಚುತ್ತಿದ್ದರು. ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನು ಈ ಜಿಲ್ಲೆಗಳ ಅಜ್ಜಂದಿರು ಇಂದಿಗೂ ನೆನಪಿನಿಂದ ಹೇಳುತ್ತಾರೆ. ಒಳ್ಳೆಯ ಮಕ್ಕಳ ಪುಸ್ತಕ ದೊಡ್ಡವರಾದ ಮೇಲೂ ನಮ್ಮನ್ನು ಬಿಡುವುದಿಲ್ಲ.

ಮೊಮ್ಮಗಳ ಸಂಗತಿಯನ್ನು ಪೂರ್ತಿ ಮಾಡಬೇಕು. ಆ ಸಂಜೆ ನಾವು ಅವಳಲ್ಲಿ ತಪ್ಪಾಯಿತೆಂದು ಒಪ್ಪಿಕೊಂಡೆವು. ಮರುದಿನದಿಂದ ತಮ್ಮನಿಗೆ ಅವನ ಪುಸ್ತಕಗಳನ್ನು ಓದಿ ಹೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿದೆವು. ಈಗ ಆ ಪುಸ್ತಕಗಳನ್ನು ಓದಲು ಅವಳಿಗೆ ಒಂದು ಕಾರಣವಿತ್ತು, ಅದರಲ್ಲಿ ಗೌರವವಿತ್ತು. ಹುಟ್ಟುಹಬ್ಬದ ಪುಸ್ತಕವನ್ನು ನಾವು ದಿನಕ್ಕೆರಡು ಪುಟದಂತೆ ಅವಳಿಗೆ ಓದಿ ಹೇಳಿದೆವು. ನಡುವೆ ಒಂದೊಂದು ಸಾಲನ್ನು ಅವಳು ಓದುತ್ತಿದ್ದಳು. ಒತ್ತಕ್ಷರಗಳು ಒಂದೊಂದಾಗಿ ಒಲಿದವು. ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಈಗಲೂ ಅವಳು ವೇಗವಾಗಿ ಓದುವವಳಲ್ಲ, ಆದರೆ ಬಚ್ಚಿಟ್ಟು ಓದುವುದಿಲ್ಲ. ಪತ್ರಿಕೆಯ ಚೂರುಗಳು ಅಂಟಿದ ಆ ಪುಸ್ತಕಗಳನ್ನು ಸೊಸೆ ತೊಳೆದು ಸ್ವಚ್ಛ ಮಾಡಲು ಹೊರಟಾಗ ನಾವೇ ಬೇಡವೆಂದೆವು. ಅವು ನಮ್ಮ ಮೇಜಿನ ಮೇಲಿವೆ. ಯಾವುದೇ ಮಗುವಿನ ಓದಿನ ಬಗ್ಗೆ ಮಾತನಾಡುವ ಮುನ್ನ ಅವುಗಳ ಕಡೆ ಒಮ್ಮೆ ನೋಡುತ್ತೇವೆ.

ಧಾರವಾಡದ ಬಂಧುಗಳಿಗೆ ನಮ್ಮ ಉತ್ತರ ಇಷ್ಟೆ: ಮೊಮ್ಮಗನನ್ನೇ ಅಂಗಡಿಗೆ ಕರೆದೊಯ್ಯಿರಿ, ಅವನು ಕೈಯಿಟ್ಟ ಪುಸ್ತಕದ ಒಂದು ಪುಟವನ್ನು ಇಬ್ಬರೂ ಕೂಡಿ ಓದಿರಿ, ಆಮೇಲೆ ಹಣ ಕೊಡಿರಿ. ಅವನ ವಯಸ್ಸು ನಿಮಗೆ ಗೊತ್ತಿದ್ದರೆ ಸಾಕು, ಪುಸ್ತಕಕ್ಕೆ ಗೊತ್ತಿರಬೇಕಾಗಿಲ್ಲ.